ಕೂಗು ಜೋರು, ಮೊಟ್ಟೆ ಗೊಡ್ಡು: ವಯಸ್ಸಾದ ಹುಂಜಕ್ಕೆ ಹಾರ್ಮೋನ್ ಕೊಡಬಹುದೇ?

ಪ್ರಶ್ನೆ: ನಮ್ಮದು ತುಮಕೂರು ಕಡೆಯ ಹಳ್ಳಿ. ಮನೆಯಲ್ಲಿ ಒಂದು ನಾಟಿ ಹುಂಜ, ಹದಿನಾಲ್ಕು ಹೇಂಟೆ ಇವೆ. ಹುಂಜಕ್ಕೆ ಮೂರೂವರೆ ವರ್ಷ. ಹೇಂಟೆಗಳಲ್ಲಿ ಹೆಚ್ಚಿನವು ಅದರ ಮರಿಗಳೇ. ಮುಂಚೆ 12 ಮೊಟ್ಟೆ ಕಾವಿಗೆ ಇಟ್ಟರೆ 10 ಮರಿ ಆಗುತ್ತಿದ್ದವು. ಈಗ ಏಳೆಂಟು ತಿಂಗಳಿಂದ ನಾಲ್ಕೋ ಐದೋ ಅಷ್ಟೇ. ಹುಂಜ ನೋಡಲು ಚೆನ್ನಾಗಿಯೇ ಇದೆ. ಜುಟ್ಟು ಕೆಂಪಗಿದೆ, ಬಾಲ ಮಿಂಚುತ್ತದೆ, ಬೆಳಿಗ್ಗೆ ಊರಿಗೇ ಕೇಳುವಂತೆ ಕೂಗುತ್ತದೆ. ಒಂದು ಪ್ರಾಯದ ಹುಂಜವನ್ನೂ ತಂದು ಜೊತೆಗೆ ಬಿಟ್ಟೆವು. ಏನೂ ಬದಲಾಗಲಿಲ್ಲ. ಔಷಧಿ ಅಂಗಡಿಯಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡಿಸಿ ಅಂದರು. ಕೊಡಿಸಬಹುದೇ ಡಾಕ್ಟ್ರೇ? ಅಮ್ಮನಿಗೆ ಆ ಹುಂಜ ಅಂದರೆ ಪ್ರಾಣ, ಮಾರಲು ಒಪ್ಪುತ್ತಿಲ್ಲ.

ಉತ್ತರ: ಇಂಜೆಕ್ಷನ್ ಕೊಡಿಸಬೇಡಿ. ಕೊಡಿಸಿದರೆ ಈಗ ಆಗುತ್ತಿರುವ ನಾಲ್ಕು ಮರಿಯೂ ಆಗದೇ ಹೋಗಬಹುದು. ಇದು ವಿಚಿತ್ರವಾಗಿ ಕೇಳಿಸುತ್ತದೆ ಅಂತ ಗೊತ್ತು. ಟೆಸ್ಟೋಸ್ಟೆರಾನ್ ಗಂಡು ಹಾರ್ಮೋನ್, ಅದು ಕಡಿಮೆಯಾದರೆ ಹೊರಗಿಂದ ಕೊಟ್ಟರಾಯಿತು ಅನ್ನಿಸುವುದು ಸಹಜ ಅಲ್ವಾ? ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಹುಂಜದ ಬಗ್ಗೆ ಮೂರು ವಿಷಯ ಹೇಳಿದ್ದೀರಿ. ಬಾಲ, ಜುಟ್ಟು, ಕೂಗು. ಮೊದಲು ಬಾಲದ ಮಾತು. ಹುಂಜದ ಉದ್ದ ಗರಿಗೆ ಟೆಸ್ಟೋಸ್ಟೆರಾನ್ ಬೇಕೇ ಇಲ್ಲ. ಹೇಂಟೆಯ ಗರಿ ಹೇಂಟೆಯ ಗರಿಯಂತೆ ಇರಲು ಎಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಬೇಕು. ಅದು ಇಲ್ಲದ ಕಡೆ ಗರಿ ತಾನಾಗಿಯೇ ಹುಂಜದಂತೆ ಬೆಳೆಯುತ್ತದೆ. ಬೀಜ ತೆಗೆದ ಹುಂಜಕ್ಕೂ ಬಾಲ ಹಾಗೇ ಮಿಂಚುತ್ತದೆ. ಹಾಗಾಗಿ ಬಾಲ ನೋಡಿ ಏನನ್ನೂ ಹೇಳಲು ಬರುವುದಿಲ್ಲ.

ಜುಟ್ಟು ಮತ್ತು ಕೂಗಿನ ಕಥೆ ಬೇರೆ. ಇವೆರಡಕ್ಕೂ ಟೆಸ್ಟೋಸ್ಟೆರಾನ್ ಬೇಕೇ ಬೇಕು. ಹಾರ್ಮೋನ್ ಅನ್ನುವ ಪದ ಹುಟ್ಟುವ ಮುಂಚೆಯೇ ಇದನ್ನು ತೋರಿಸಿಕೊಟ್ಟದ್ದು ಒಂದು ಹುಂಜದ ಪ್ರಯೋಗ. 1849ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಜರ್ಮನಿಯ ಗಾಟಿಂಗನ್‌ನ ಅರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ ಆರು ಎಳೆ ಹುಂಜಗಳ ಬೀಜ ತೆಗೆದರು. ಕೆಲವಕ್ಕೆ ಬೀಜವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟು ಹೊಲಿದರು. ಬೀಜ ಇಲ್ಲದವು ಮಂಕಾದವು, ಜುಟ್ಟು ಬೆಳೆಯಲಿಲ್ಲ. ಬೀಜ ಮತ್ತೆ ಇಟ್ಟವು ಕೂಗಿದವು, ಜಗಳ ಆಡಿದವು, ಜುಟ್ಟು ಕೆಂಪಗೆ ಬೆಳೆಯಿತು. ನರದ ಸಂಪರ್ಕ ಕಡಿದುಹೋಗಿದ್ದರೂ ಹೀಗಾಯಿತು. ಅಂದರೆ ಬೀಜದಿಂದ ಏನೋ ಒಂದು ರಕ್ತಕ್ಕೆ ಸೇರಿ ಮೈಯೆಲ್ಲ ತಲುಪುತ್ತದೆ ಎಂದು ಅವರು ತೀರ್ಮಾನಿಸಿದರು. ನಾನು ಓದುವಾಗ ಇದನ್ನು ಕೇಳಿ ತುಂಬ ಖುಷಿಪಟ್ಟಿದ್ದೆ. ಹಾರ್ಮೋನ್ ವಿಜ್ಞಾನ ಶುರುವಾದದ್ದೇ ಹಿತ್ತಲಿನ ಹುಂಜದಿಂದ.

ಆದರೆ ಒಂದು ಸೂಕ್ಷ್ಮ ಇದೆ. ಜುಟ್ಟಿಗೂ ಕೂಗಿಗೂ ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟೆರಾನ್ ಸಾಕು. ವೀರ್ಯಾಣು ತಯಾರಾಗುವುದು ಬೀಜದ ಒಳಗೆ. ಅಲ್ಲಿ ಟೆಸ್ಟೋಸ್ಟೆರಾನ್ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬೇಕು. ಅದು ಅಲ್ಲೇ ತಯಾರಾಗಿ ಅಲ್ಲೇ ತುಂಬಿಕೊಳ್ಳಬೇಕು. ಹಾಗಾಗಿ ಜುಟ್ಟು ಕೆಂಪಗಿದ್ದು, ಕೂಗು ಜೋರಾಗಿದ್ದು, ವೀರ್ಯ ಮಾತ್ರ ನೀರಾಗಿರುವುದು ಸಾಧ್ಯ. ಜುಟ್ಟು ಬಿಳಿಚಿ ಮುದುಡಿದ್ದರೆ ಹುಂಜದಲ್ಲಿ ತೊಂದರೆ ಇದೆ ಎಂದು ಹೇಳಬಹುದು. ಜುಟ್ಟು ಚೆನ್ನಾಗಿದ್ದರೆ ವೀರ್ಯ ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ.

ಈಗ ಇಂಜೆಕ್ಷನ್ ಏಕೆ ಕೆಡಿಸುತ್ತದೆ ಅನ್ನುವುದಕ್ಕೆ ಬರುತ್ತೇನೆ. ಹುಂಜದ ಬೀಜ ಹೊರಗೆ ಕಾಣುವುದಿಲ್ಲ. ಹೊಟ್ಟೆಯೊಳಗೆ, ಬೆನ್ನುಮೂಳೆಗೆ ಅಂಟಿಕೊಂಡಂತೆ, ಮೂತ್ರಪಿಂಡದ ಪಕ್ಕದಲ್ಲಿ ಎರಡು ಇರುತ್ತವೆ. ಇವಕ್ಕೆ ಕೆಲಸ ಹೇಳುವುದು ಮೆದುಳು. ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಮೊದಲು ಒಂದು ಹಾರ್ಮೋನ್ ಬಿಡುತ್ತದೆ. ಅದು ಪಿಟ್ಯುಟರಿ ಗ್ರಂಥಿಗೆ ಹೋಗುತ್ತದೆ. ಪಿಟ್ಯುಟರಿ ಎರಡು ಹಾರ್ಮೋನ್ ಕಳಿಸುತ್ತದೆ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್. ಎಲ್‌ಎಚ್ ಬೀಜದಲ್ಲಿರುವ ಲೈಡಿಗ್ ಕೋಶಗಳಿಂದ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳನ್ನು ನೋಡಿಕೊಳ್ಳುತ್ತದೆ. ಈ ಸರ್ಟೋಲಿ ಕೋಶಗಳು ವೀರ್ಯಾಣುವಿಗೆ ತಾಯಿ ಇದ್ದ ಹಾಗೆ. ಎಳೆ ವೀರ್ಯಾಣುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸಾಕಿ, ಬಲಿತ ಮೇಲೆ ಬಿಡುತ್ತವೆ.

ಮೆದುಳು ಸುಮ್ನೆ ಕಳಿಸುತ್ತಾ ಕೂರುವುದಿಲ್ಲ. ರಕ್ತದಲ್ಲಿ ಎಷ್ಟು ಟೆಸ್ಟೋಸ್ಟೆರಾನ್ ಇದೆ ಎಂದು ನೋಡುತ್ತಿರುತ್ತದೆ. ಜಾಸ್ತಿ ಇದ್ದರೆ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ಕಡಿಮೆ ಮಾಡುತ್ತದೆ. ನೀವು ಇಂಜೆಕ್ಷನ್ ಕೊಟ್ಟರೆ ಆಗುವುದು ಇದೇ. ರಕ್ತದಲ್ಲಿ ತುಂಬಿ ತುಳುಕುತ್ತದೆ, ಮೆದುಳು ಕೈಬಿಡುತ್ತದೆ, ಬೀಜ ತನ್ನ ಸ್ವಂತ ಟೆಸ್ಟೋಸ್ಟೆರಾನ್ ಮಾಡುವುದನ್ನು ನಿಲ್ಲಿಸುತ್ತದೆ. ಕೆಲವೇ ವಾರದಲ್ಲಿ ಬೀಜ ಸಣ್ಣದಾಗುತ್ತಾ ಬರುತ್ತದೆ. ಹೊರಗೆ ನೋಡಿದರೆ ಜುಟ್ಟು ಇನ್ನೂ ಕೆಂಪು, ಕೂಗು ಇನ್ನೂ ಜೋರು. ಔಷಧಿ ಕೆಲಸ ಮಾಡಿತು ಅಂತ ಮನೆಯವರಿಗೆ ಅನ್ನಿಸುತ್ತದೆ. ಇಂಥದ್ದೇ ಒಂದು ಮನೆಗೆ ನಾನು ಹೋಗಿದ್ದೆ. ಹುಂಜ ಹೇಂಟೆಗಳ ಹಿಂದೆ ಬಿದ್ದು ಓಡಿಸುತ್ತಿತ್ತು. ಅವರು ಕಾವಿಗೆ ಇಟ್ಟಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಒಂದರಲ್ಲೂ ಜೀವ ಇರಲಿಲ್ಲ. ಆ ಮನೆಯ ಹೆಂಗಸಿನ ಮುಖ ನನಗೆ ಇನ್ನೂ ನೆನಪಿದೆ. ಇನ್ನೊಂದು ಮಾತು. ಮನುಷ್ಯರ ಔಷಧಿಯನ್ನು ಅಂದಾಜಿನ ಮೇಲೆ ಚುಚ್ಚಿದ ಕೋಳಿಯನ್ನು ಆಮೇಲೆ ಮನೆಯವರು ತಿನ್ನುವುದೂ ಸರಿಯಲ್ಲ.

ಹಾಗಾದರೆ ವಯಸ್ಸಾದ ಹುಂಜದಲ್ಲಿ ನಿಜವಾಗಿ ಆಗುವುದೇನು? ಬರೀ ಟೆಸ್ಟೋಸ್ಟೆರಾನ್ ಇಳಿಯಿತು ಅಂದರೆ ಅರ್ಧ ಮಾತು ಹೇಳಿದ ಹಾಗೆ. ಮೆದುಳಿನಿಂದ ಬರುವ ಎಲ್‌ಎಚ್, ಎಫ್‌ಎಸ್‌ಎಚ್ ಕಡಿಮೆಯಾಗುವುದು ಹೌದು. ಅದರ ಜೊತೆಗೆ ಬೀಜದ ಒಳಗಿನ ಹದ ಕೆಡುತ್ತದೆ. ಗಂಡಿನ ಮೈಯಲ್ಲೂ ಸ್ವಲ್ಪ ಹೆಣ್ಣು ಹಾರ್ಮೋನ್ ಇರುತ್ತದೆ. ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನ್‌ನ ಒಂದು ಪಾಲನ್ನು ಎಸ್ಟ್ರಾಡಿಯೋಲ್ ಎಂಬ ಹೆಣ್ಣು ಹಾರ್ಮೋನ್ ಆಗಿ ಬದಲಾಯಿಸುತ್ತದೆ. ವಯಸ್ಸಾಗಿ ಫಲ ಇಳಿದ ಹುಂಜಗಳಲ್ಲಿ ಈ ಎಸ್ಟ್ರಾಡಿಯೋಲ್ ಬೀಜದಲ್ಲೂ ರಕ್ತದಲ್ಲೂ ಏರಿರುತ್ತದೆ ಎಂದು ಇಸ್ರೇಲ್‌ನ ಸಂಶೋಧಕರು 1999ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ, 1994ರಲ್ಲಿ, ಅಲ್ಲಿನವರೇ ಇನ್ನೊಂದು ವಿಷಯ ಕಂಡುಕೊಂಡಿದ್ದರು. ಮುದಿ ಹುಂಜದ ಬೀಜದಲ್ಲಿ ವೀರ್ಯಾಣು ತಯಾರಾದರೂ ಸರ್ಟೋಲಿ ಕೋಶಗಳು ಅದನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಕಣಜ ಪೂರ್ತಿ ಖಾಲಿಯಾಗಿರುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ನನಗೆ ಈ ಸಂಗತಿ ಬಹಳ ಮುಖ್ಯ ಅನ್ನಿಸುತ್ತದೆ. ಇಂಥ ಬೀಜಕ್ಕೆ ಹೊರಗಿಂದ ಇನ್ನಷ್ಟು ಟೆಸ್ಟೋಸ್ಟೆರಾನ್ ಸುರಿದರೆ ಅದರಲ್ಲೂ ಒಂದು ಪಾಲು ಎಸ್ಟ್ರಾಡಿಯೋಲ್ ಆಗಬಹುದು. ಕೆಟ್ಟ ಹದ ಇನ್ನೂ ಕೆಡುತ್ತದೆ. ಅರೋಮಟೇಸ್‌ಗೆ ತಡೆ ಹಾಕುವ ಔಷಧಿಗಳನ್ನು ಹುಂಜಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಅದು ಸಂಶೋಧನೆಯ ಮಾತು, ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಮೊಟ್ಟೆಯ ಪ್ರತಿಯೊಂದು ಲೆಕ್ಕ ಇಡುವ ದೊಡ್ಡ ಬ್ರಾಯ್ಲರ್ ಪೇರೆಂಟ್ ಫಾರ್ಮ್‌ಗಳನ್ನೇ, ಅಂದರೆ ಬ್ರಾಯ್ಲರ್ ಮರಿಗಳ ಅಪ್ಪ-ಅಮ್ಮ ಕೋಳಿಗಳನ್ನು ಸಾಕುವ ಫಾರ್ಮ್‌ಗಳನ್ನೇ ನೋಡಿ. ಅಲ್ಲಿ ಹುಂಜಗಳ ಫಲ 45–50 ವಾರದ ನಂತರವೇ ಇಳಿಯಲು ಶುರುವಾಗುತ್ತದೆ. ಅವು ಮೈ ಜಾಸ್ತಿ ಬರುವ ತಳಿಗಳು. ಅವರು ಯಾರೂ ಹಾರ್ಮೋನ್ ಚುಚ್ಚುವುದಿಲ್ಲ. ಸೋತ ಹುಂಜಗಳನ್ನು ತೆಗೆದು ಪ್ರಾಯದ ಹುಂಜಗಳನ್ನು ಬಿಡುತ್ತಾರೆ. ಇದಕ್ಕೆ ಸ್ಪೈಕಿಂಗ್ ಎನ್ನುತ್ತಾರೆ. ನಾಟಿ ಹುಂಜ ಅಷ್ಟು ಬೇಗ ಸೋಲುವುದಿಲ್ಲ. ಎಂಟು ತಿಂಗಳಿಂದ ಎರಡು ವರ್ಷದವರೆಗೆ ಅದರ ಒಳ್ಳೆಯ ಕಾಲ. ಕೆಲವು ನಾಲ್ಕು ವರ್ಷವೂ ಚೆನ್ನಾಗಿ ನಡೆಯುತ್ತವೆ.

ಆದ್ದರಿಂದ ತಪ್ಪು ಹುಂಜದ್ದೇ ಎಂದು ಈಗಲೇ ತೀರ್ಮಾನ ಮಾಡಬೇಡಿ. 12ರಲ್ಲಿ ಒಡೆಯದ ಏಳೆಂಟು ಮೊಟ್ಟೆ ಏನಾದವು ಎಂದು ನೋಡಿದ್ದೀರಾ? ಬಹಳ ಜನ ಅದನ್ನು ಹಾಗೇ ತಿಪ್ಪೆಗೆ ಎಸೆಯುತ್ತಾರೆ. ಉತ್ತರ ಇರುವುದು ಅದರೊಳಗೇ. ಮುಂದಿನ ಸಲ ಕಾವಿಗೆ ಇಟ್ಟ ಏಳನೇ ದಿನ ರಾತ್ರಿ, ಕತ್ತಲೆ ಕೋಣೆಯಲ್ಲಿ, ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಜೇಡರ ಬಲೆಯಂತೆ ಕೆಂಪು ನರ ಹರಡಿದ್ದು ನಡುವೆ ಕಪ್ಪು ಚುಕ್ಕೆ ಇದ್ದರೆ ಮರಿ ಬೆಳೆಯುತ್ತಿದೆ. ಪೂರ್ತಿ ತಿಳಿಯಾಗಿ ಹಳದಿಯ ನೆರಳು ಮಾತ್ರ ಕಂಡರೆ ಅದು ಗೊಡ್ಡು ಇರಬಹುದು. ರಕ್ತದ ಒಂದು ಉಂಗುರ ಕಂಡರೆ ಮರಿ ಕಟ್ಟಿ ಸತ್ತಿದೆ. ಗೊಡ್ಡು ಮೊಟ್ಟೆ, ಸತ್ತ ಮೊಟ್ಟೆ ಎರಡೂ ಒಂದೇ ಅಲ್ಲ. ಕಾರಣವೂ ಒಂದೇ ಅಲ್ಲ.

ಇನ್ನೂ ಬೇಗ ತಿಳಿಯಬೇಕಾದರೆ ಅಡುಗೆಗೆ ಒಡೆಯುವ ತಾಜಾ ಮೊಟ್ಟೆಯನ್ನು ತಟ್ಟೆಗೆ ಹಾಕಿ ನೋಡಿ. ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಅಮ್ಮನಿಗೆ ಇದು ಖಂಡಿತ ಗೊತ್ತಿರುತ್ತದೆ. ಚುಕ್ಕೆ ಸಣ್ಣದಾಗಿ, ಗಟ್ಟಿ ಬಿಳಿಯಾಗಿ, ಅಂಚು ಓರೆಕೋರೆಯಾಗಿದ್ದರೆ ವೀರ್ಯಾಣು ತಲುಪಿಲ್ಲ. ನಾಲ್ಕೈದು ಮಿಲಿಮೀಟರ್ ಅಗಲವಾಗಿ, ದುಂಡಗೆ, ಬಳೆಯಂತೆ ಅಂಚು ಬಿಳಿ, ನಡುವೆ ತಿಳಿಯಾಗಿದ್ದರೆ ಫಲ ಕಟ್ಟಿದೆ. ಹತ್ತು ಮೊಟ್ಟೆ ಹೀಗೆ ನೋಡಿದರೆ ಕಣ್ಣಿಗೆ ಅಭ್ಯಾಸವಾಗುತ್ತದೆ. ಯಾವ ಹೇಂಟೆಯ ಮೊಟ್ಟೆ ಎಂದು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಎರಡು ಮೂರು ಹೇಂಟೆಗಳದ್ದು ಮಾತ್ರ ಗೊಡ್ಡಾಗಿದ್ದರೆ ತೊಂದರೆ ಹುಂಜದ ವೀರ್ಯದ್ದು ಆಗಿರಲಿಕ್ಕಿಲ್ಲ. ವಯಸ್ಸಾದ ಹೇಂಟೆಯೂ ವೀರ್ಯವನ್ನು ಒಳಗೆ ಜಾಸ್ತಿ ದಿನ ಕಾಪಾಡಲಾರದು.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದ ಮಾತು ಬೇರೆ. ಹೇಂಟೆಗಳಲ್ಲಿ ಹೆಚ್ಚಿನವು ಅದರ ಮಕ್ಕಳೇ ಎಂದಿದ್ದೀರಿ. ಅಪ್ಪನೇ ಮಗಳನ್ನು ಮೆಟ್ಟಿದಾಗ ಫಲ ಕಟ್ಟಿದರೂ ಎಷ್ಟೋ ಮರಿಗಳು ಮೊಟ್ಟೆಯೊಳಗೇ ಸಾಯುತ್ತವೆ. ಹುಟ್ಟಿದವೂ ಬಡಕಲಾಗಿರುತ್ತವೆ. ಮುಂಚೆ 10 ಮರಿ ಆಗುತ್ತಿದ್ದಾಗ ಇದ್ದದ್ದು ಹೊರಗಿನಿಂದ ಬಂದ ಹೇಂಟೆಗಳು, ಈಗ ಇರುವುದು ಮಕ್ಕಳು ಎಂದಾದರೆ, ಅರ್ಧ ಕಾರಣ ಇಲ್ಲೇ ಸಿಗಬಹುದು. ಒಡೆದ ಮೊಟ್ಟೆಗಳಲ್ಲಿ ಬಳೆ ಚೆನ್ನಾಗಿ ಕಂಡು, ಕಾವಿಗೆ ಇಟ್ಟದ್ದರಲ್ಲಿ ರಕ್ತದುಂಗುರ ಜಾಸ್ತಿ ಕಂಡರೆ ಹಾಗೇ ತಿಳಿಯಿರಿ. ಆದರೆ ಬೇಸಿಗೆಯಲ್ಲಿ ಮೊಟ್ಟೆಯನ್ನು ಬಿಸಿ ಕೋಣೆಯಲ್ಲಿ ಹತ್ತು ಹದಿನೈದು ದಿನ ಕೂಡಿಟ್ಟರೂ ರಕ್ತದುಂಗುರ ಬರುತ್ತದೆ. ಏಳು ದಿನದೊಳಗಿನ ಮೊಟ್ಟೆ ಮಾತ್ರ ಇಡಿ. ಒದ್ದೆ ಮರಳಿನ ಮೇಲೆ ಇಟ್ಟ ಮಡಕೆಯಲ್ಲಿ ಕೂಡಿಡಿ.

ಮೊಟ್ಟೆಗಳು ನಿಜವಾಗಿಯೂ ಗೊಡ್ಡಾಗಿದ್ದರೆ ಆಗ ಹುಂಜವನ್ನು ಕೈಗೆತ್ತಿಕೊಂಡು ನೋಡಿ. ಹಾರ್ಮೋನ್‌ಗಿಂತ ಮುಂಚೆ ಕಾಲು ಸೋಲುತ್ತದೆ. ಹುಂಜಕ್ಕೆ ಮೆಟ್ಟುವಾಗ ಹೇಂಟೆಯ ಬೆನ್ನ ಮೇಲೆ ಗಟ್ಟಿಯಾಗಿ ನಿಂತು, ಬಾಲ ಬಗ್ಗಿಸಿ, ಗುದದ ಬಾಯಿಯನ್ನು ಹೇಂಟೆಯದ್ದಕ್ಕೆ ತಾಗಿಸಲು ಒಂದೆರಡು ಕ್ಷಣ ಮಾತ್ರ ಸಿಗುತ್ತದೆ. ಅಂಗಾಲಲ್ಲಿ ಗಂಟು ಕಟ್ಟಿ ನೋವಿದ್ದರೆ, ಮೈ ಭಾರವಾಗಿ ಎದೆ ಮುಂದಕ್ಕೆ ವಾಲಿದರೆ, ಹತ್ತಿದ ಹಾಗೆ ಮಾಡಿ ಇಳಿದುಬಿಡುತ್ತದೆ. ದೂರದಿಂದ ನೋಡಿದವರಿಗೆ ಮೆಟ್ಟಿತು ಅನ್ನಿಸುತ್ತದೆ. ಸಂಜೆ ನಾಲ್ಕರ ನಂತರ ಅರ್ಧ ಗಂಟೆ ಸುಮ್ಮನೆ ಕೂತು ಗಮನಿಸಿ. ಕೋಳಿಗಳ ಕೂಡುವಿಕೆ ಸಾಮಾನ್ಯವಾಗಿ ಆ ಹೊತ್ತಿಗೇ ಜಾಸ್ತಿ. ಗುದದ ಸುತ್ತ ಗರಿ ದಟ್ಟವಾಗಿದ್ದರೆ ಅಥವಾ ಹಿಕ್ಕೆ ಮೆತ್ತಿಕೊಂಡಿದ್ದರೆ ಕತ್ತರಿಯಿಂದ ಸವರಿ. ಹುಂಜದ ಕಾಲಿನ ಮುಳ್ಳು ಉದ್ದವಾಗಿದ್ದರೆ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಿ. ಮುಳ್ಳು ಚುಚ್ಚಿಸಿಕೊಂಡ ಹೇಂಟೆ ಹುಂಜ ಕಂಡರೆ ಓಡುತ್ತದೆ.

ಮೇವಿನಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮೊಟ್ಟೆ ಕೋಳಿಯ ಲೇಯರ್ ಮ್ಯಾಶ್ ಅನ್ನೇ ಹುಂಜಕ್ಕೂ ಹಾಕುತ್ತಾರೆ. ಅದರಲ್ಲಿ ಸುಣ್ಣದಂಶ ಶೇಕಡಾ 3.5ರಿಂದ 4ರವರೆಗೆ ಇರುತ್ತದೆ. ಹೇಂಟೆಗೆ ಚಿಪ್ಪು ಕಟ್ಟಲು ಅದು ಬೇಕು. ಹುಂಜಕ್ಕೆ ಶೇಕಡಾ 1 ಸಾಕು. ವರ್ಷಗಟ್ಟಲೆ ಹೆಚ್ಚಾದ ಸುಣ್ಣ ಮೂತ್ರಪಿಂಡಕ್ಕೆ ಕೆಟ್ಟದ್ದು. ಅಲ್ಲದೆ ಹುಂಜಗಳಲ್ಲಿ ವೀರ್ಯ ಸಾಗುವ ನಾಳದ ಹತ್ತಿರವೇ ಸುಣ್ಣದ ಸಣ್ಣ ಕಲ್ಲುಗಳು ಕಟ್ಟಿಕೊಂಡು ಫಲ ಇಳಿಯುವುದನ್ನೂ ಗುರುತಿಸಿದ್ದಾರೆ. ಕಡಿಮೆ ಸುಣ್ಣದ ಮೇವನ್ನು ಎಲ್ಲಕ್ಕೂ ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ. ಬೂಷ್ಟು ಹಿಡಿದ ಮೆಕ್ಕೆಜೋಳ, ಹತ್ತಿಕಾಳು ಹಿಂಡಿ ಎರಡೂ ಬೇಡ. ಹತ್ತಿಕಾಳಿನ ಗಾಸಿಪಾಲ್ ಎಂಬ ಅಂಶ ಗಂಡಿನ ಫಲಕ್ಕೆ ಶತ್ರು. ಕೋಳಿಯ ವೀರ್ಯಾಣುವಿನ ಪೊರೆಯಲ್ಲಿ ಬೇಗ ಹಳಸುವ ಕೊಬ್ಬು ಜಾಸ್ತಿ ಇರುತ್ತದೆ. ಅದನ್ನು ಕಾಯುವುದು ವಿಟಮಿನ್ ಇ ಮತ್ತು ಸೆಲೆನಿಯಂ. ನುಗ್ಗೆಸೊಪ್ಪು, ಮೊಳಕೆ ಕಾಳು ದಿನಾ ಒಂದು ಹಿಡಿ ಕೊಡಿ.

ಬೆಳಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹಕ್ಕಿಗಳು ಬೆಳಕನ್ನು ಕಣ್ಣಿಂದ ಮಾತ್ರ ಅರಿಯುವುದಿಲ್ಲ. ತಲೆಬುರುಡೆಯ ಮೂಲಕ ಇಳಿದ ಬೆಳಕನ್ನು ಮೆದುಳೇ ನೇರವಾಗಿ ಹಿಡಿಯುತ್ತದೆ. ಫ್ರಾನ್ಸ್‌ನ ಜಾಕ್ ಬೆನುವಾ 1930ರ ದಶಕದಲ್ಲಿ ಬಾತುಗಳಲ್ಲಿ ಇದನ್ನು ತೋರಿಸಿದರು, ಕಣ್ಣಿಲ್ಲದ ಬಾತಿನ ಬೀಜವೂ ಬೆಳಕಿಗೆ ಬೆಳೆಯಿತು. ಹಗಲು ಉದ್ದವಾದಾಗ ಎಲ್‌ಎಚ್ ಏರುತ್ತದೆ. ನಮ್ಮ ಕಡೆ ಡಿಸೆಂಬರ್‌ಗೂ ಜೂನ್‌ಗೂ ಹಗಲಿನ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ಹೊರಗೆ ಮೇಯುವ ಹುಂಜಕ್ಕೆ ಬೆಳಕು ದೊಡ್ಡ ತೊಂದರೆ ಅಲ್ಲ. ಹೊತ್ತು ಏರುವವರೆಗೂ ಮಂಕರಿ ಕೆಳಗೆ ಕವುಚಿಡುವ ಅಭ್ಯಾಸ ಇದ್ದರೆ ಅದನ್ನು ಮಾತ್ರ ಬಿಟ್ಟುಬಿಡಿ. ಬಿಸಿಲು ಇದಕ್ಕಿಂತ ದೊಡ್ಡ ಕಾಟ. ಏಪ್ರಿಲ್‌ನಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಹುಂಜದ ವೀರ್ಯ ಕೆಡುತ್ತದೆ. ನೆರಳು, ತಣ್ಣೀರು ಬೇಕೇ ಬೇಕು. ಇದೆಲ್ಲ ಸರಿ ಮಾಡಿದರೂ ನಾಳೆಯೇ ಫಲ ಕಾಣುವುದಿಲ್ಲ. ಒಂದು ವೀರ್ಯಾಣು ತಯಾರಾಗಲು ಎರಡು ವಾರ ಬೇಕು. ನಾಲ್ಕೈದು ವಾರ ಕಾಯಿರಿ.

ಪ್ರಾಯದ ಹುಂಜ ಬಿಟ್ಟರೂ ಏನೂ ಬದಲಾಗಲಿಲ್ಲ ಎಂದಿದ್ದೀರಿ. ಏಕೆ ಗೊತ್ತಾ? ಹಳೆಯದನ್ನು ಅಲ್ಲೇ ಇಟ್ಟುಕೊಂಡು ಬಿಟ್ಟಿದ್ದಕ್ಕೆ. ನಿಮ್ಮ ಹುಂಜದ ವೀರ್ಯ ಇಳಿದಿರಬಹುದು, ಯಜಮಾನಿಕೆ ಇಳಿದಿಲ್ಲ. ಕೂಗಿಗೂ ಜಗಳಕ್ಕೂ ರಕ್ತದ ಟೆಸ್ಟೋಸ್ಟೆರಾನ್ ಸಾಕು ಎಂದೆನಲ್ಲ, ಅದು ಅದಕ್ಕೆ ಇನ್ನೂ ಇದೆ. ಅದು ಹೊಸ ಹುಂಜವನ್ನು ಹೇಂಟೆಯ ಹತ್ತಿರ ಸೇರಿಸುವುದಿಲ್ಲ. ಕದ್ದುಮುಚ್ಚಿ ಮೆಟ್ಟಿದರೂ, ಕೆಳಗಿನ ದರ್ಜೆಯ ಹುಂಜದ ವೀರ್ಯವನ್ನು ಹೇಂಟೆ ಆಮೇಲೆ ಹೊರಗೆ ತಳ್ಳಿಬಿಡುತ್ತದೆ. ಕಾಡುಪಾಲಾದ ಕೋಳಿಗಳ ಮೇಲೆ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಆದ್ದರಿಂದ ಎರಡನ್ನೂ ಒಟ್ಟಿಗೆ ಇಡಬೇಡಿ.

ಹಳೆಯದನ್ನು ಕಣ್ಣಿಗೆ ಬೀಳದಷ್ಟು ದೂರ ಬೇರೆ ಮಾಡಿ. ಪ್ರಾಯದ ಹುಂಜ ಅದರ ಮಗನಾಗಿದ್ದರೆ ಅದೂ ಬೇಡ. ಬೇರೆ ಊರಿನ, ಎಂಟು ತಿಂಗಳು ದಾಟಿದ ನಾಟಿ ಹುಂಜ ತನ್ನಿ. ಎರಡು ಮೂರು ವಾರ ಬೇರೆ ಕಟ್ಟಿ, ಕೊಕ್ಕರೆ ರೋಗ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಬಿಡಿ. ಕೆಲವರು ಗಿರಿರಾಜ ಹುಂಜ ಬಿಡಿ ಅನ್ನುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಕೊಟ್ಟ ಒಳ್ಳೆಯ ತಳಿ ಅದು. ಆದರೆ ಆ ಭಾರಕ್ಕೆ ಸಣ್ಣ ನಾಟಿ ಹೇಂಟೆಯ ಬೆನ್ನು ಹರಿಯುತ್ತದೆ. ನೀವು ಮರಿಗೆ ನಂಬಿರುವುದು ಕಾವು ಕೂರುವ ಹೇಂಟೆಯನ್ನು. ಆ ಗುಣ ಗಿರಿರಾಜದಲ್ಲಿ ಕಡಿಮೆ. ನಾಟಿಯೇ ಇರಲಿ.

ಹೇಂಟೆಯ ಹೊಟ್ಟೆಯಲ್ಲಿ ವೀರ್ಯ ಎರಡು ಮೂರು ವಾರ ಜೀವಂತ ಇರುತ್ತದೆ. ಮೊಟ್ಟೆ ಬರುವ ದಾರಿಯಲ್ಲಿ ಅದಕ್ಕೆಂದೇ ಸಣ್ಣ ಸಣ್ಣ ಕೊಳವೆಗಳಿವೆ. ಹಾಗಾಗಿ ಹೊಸ ಹುಂಜದ ಮರಿಯೇ ಬೇಕು, ಅಪ್ಪ-ಮಗಳ ಮರಿ ಬೇಡ ಅಂದರೆ ಮೂರು ವಾರದ ಮೊಟ್ಟೆಯನ್ನು ಅಡುಗೆಗೆ ಬಳಸಿ. ನಾಲ್ಕನೇ ವಾರದಿಂದ ಕೂಡಿಡಿ. ಹದಿನಾಲ್ಕು ಹೇಂಟೆ ಒಂದೇ ಹುಂಜಕ್ಕೆ ಸ್ವಲ್ಪ ಜಾಸ್ತಿ. ಹತ್ತಕ್ಕೆ ಇಳಿಸಿದರೆ ಒಳ್ಳೆಯದು.

ಉಳಿದ ನಾಲ್ಕು ಹೇಂಟೆಗಳಲ್ಲಿ ವಯಸ್ಸಾದ ಎರಡನ್ನು ಅಮ್ಮನ ಹುಂಜದ ಜೊತೆಗೆ ಬೇರೆ ಗೂಡಿನಲ್ಲಿ ಬಿಡಿ. ಮಾರುವುದು ಬೇಡ. ಒಂಟಿಯಾಗಿ ಇಟ್ಟರೆ ಹುಂಜ ಕೊರಗುತ್ತದೆ, ಜೊತೆ ಇದ್ದರೆ ಚೆನ್ನಾಗಿರುತ್ತದೆ. ಆ ಎರಡರ ಮೊಟ್ಟೆಯನ್ನು ಕಾವಿಗೆ ಇಡಬೇಡಿ, ಅಷ್ಟೇ. ರಾತ್ರಿ ಕೂರುವ ಕೋಲನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಕೆಳಗೆ ಒಂದಿಷ್ಟು ಭತ್ತದ ಹೊಟ್ಟು ಹರಡಿ. ಈ ವಯಸ್ಸಿನಲ್ಲಿ ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿದರೆ ಅಂಗಾಲಿಗೆ ಏಟಾಗುತ್ತದೆ.